ಚೆಕ್‌ಮೇಟ್ ಆದ ಮೇಲೆ ಮೊದಲು ಮಾತಾಡೋದು ಯಾರು?

ಆನ್‌ಲೈನ್ ಚೆಸ್ ಆಡುವವರಿಗೆಲ್ಲ 'ಜಿಜಿ' ಗೊತ್ತು. ಗುಡ್ ಗೇಮ್ ಅನ್ನೋದರ ಚುಟುಕು. ವಿಡಿಯೋ ಗೇಮ್ ಆಡುವ ಹುಡುಗರಿಂದ ಚೆಸ್‌ಗೆ ಬಂದದ್ದು. ಆಟ ಮುಗಿದ ಕೂಡಲೇ ಪರದೆಯ ಮೂಲೆಯ ಚಾಟ್ ಪೆಟ್ಟಿಗೆಯಲ್ಲಿ ಬಂದು ಬೀಳುತ್ತದೆ. ಸೋತವನು ಇದನ್ನು ಕಳಿಸಿದರೆ ಗೆದ್ದವನಿಗೆ ಖುಷಿ. ಒಳ್ಳೆ ಮನುಷ್ಯ ಅಂತ ಅನಿಸುತ್ತದೆ. ಗೆದ್ದವನೇ ಮೊದಲು ಕಳಿಸಿದರೆ ಮಾತ್ರ ಗಾಯದ ಮೇಲೆ ಬರೆ ಎಳೆದ ಹಾಗೆ. ಅದರಲ್ಲೂ ನಮ್ಮ ರಾಣಿ ಪುಕ್ಕಟೆ ಹೋದ ಆಟದ ಕೊನೆಗೆ 'ಜಿಜಿ' ಬಂದರೆ ಮೊಬೈಲ್ ಎತ್ತಿ ಎಸೆಯೋಣ ಅನಿಸುತ್ತದೆ.

ಇದು ಸಭ್ಯವಾದ ಮೆಸೇಜಿನ ಕಥೆ. ಉಳಿದವು ಇನ್ನೂ ಬೇರೆ. 'ಲಕ್ಕಿ.' 'ಹೀಗೆ ಆಡಿಯೂ ಗೆದ್ದೆಯಲ್ಲ.' 'ಯಾವ ಎಂಜಿನ್ ಇಟ್ಕೊಂಡಿದೀಯ?', ಅಂದರೆ ನಡೆ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಂಡು ಆಡ್ತಿದೀಯ ಅಂತ. ಆಮೇಲೆ ಅಮ್ಮ, ಅಕ್ಕನ ಹೆಸರೆತ್ತುವ ಬೈಗುಳ. ನಮ್ಮ ಹೆಸರಿನ ಪಕ್ಕ ಭಾರತದ ಬಾವುಟ ಇದ್ದು, ಎದುರಿನವನೂ ಇಲ್ಲಿಯವನೇ ಆಗಿದ್ದರೆ ಅದು ಇಂಗ್ಲಿಷ್ ಅಕ್ಷರದ ಹಿಂದಿಯಲ್ಲಿ ಬರುತ್ತದೆ. ಇಂಗ್ಲಿಷ್ ಬೈಗುಳಕ್ಕೆ ಚುಕ್ಕಿ ಹಾಕಿ ಮುಚ್ಚುವ ಆ್ಯಪ್ ಒಂದು ಈ ಹಿಂದಿ ಬೈಗುಳವನ್ನು ಸುಮ್ನೆ ದಾಟಿಸಿಬಿಟ್ಟದ್ದನ್ನು ನಾನೇ ನೋಡಿದ್ದೇನೆ.

ಮುಂಬೈಯ ಮುಲುಂಡ್ ಕಡೆ ನಮ್ಮ ಪರಿಚಯದ ಕನ್ನಡದ ಹುಡುಗರಲ್ಲಿ ಚೆಸ್ ಆಡುವವರು ಜಾಸ್ತಿ. ಈ ವಿಷಯ ಬಂದರೆ ಅವರಲ್ಲಿ ಎರಡು ಪಕ್ಷ. ಚಾಟ್ ಅನ್ನೋದನ್ನೇ ಬಂದ್ ಮಾಡಿಡಿ, ತಲೆನೋವೇ ಇಲ್ಲ ಅನ್ನುವವರು ಒಂದು ಕಡೆ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ದಾರಿಯೂ ಇದೆ. 'ಎಂಥ ಮಾರಾಯ, ಒಂದು ಮಾತೂ ಬೇಡ ಅಂದ್ರೆ ಕಂಪ್ಯೂಟರ್ ಜೊತೆಗೇ ಆಡಬಹುದಲ್ಲ' ಅನ್ನುವವರು ಇನ್ನೊಂದು ಕಡೆ. ನನ್ನ ಮನಸ್ಸು ಎರಡನೆಯವರ ಕಡೆಗೇ. ಆದರೆ ಯಾವ ಮಾತು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಪಟ್ಟಿ ಮಾಡಿದರೆ ಈ ಸಮಸ್ಯೆ ಬಗೆಹರಿಯೋದಿಲ್ಲ. ಗೋಜಲು ಇರುವುದು ಯಾರು ಮೊದಲು ಮಾತಾಡುತ್ತಾರೆ, ಯಾವಾಗ ಮಾತಾಡುತ್ತಾರೆ ಅನ್ನುವುದರಲ್ಲಿ.

ಎದುರುಬದುರು ಕೂತು ಆಡುವ ಚೆಸ್‌ನಲ್ಲಿ ಇದಕ್ಕೆ ಹಳೆಯ ಉತ್ತರ ಒಂದಿದೆ. ಆಟ ಕೈ ಬಿಟ್ಟಿತು ಅನಿಸಿದಾಗ ಸೋಲುವವನು ತಾನೇ ಗಡಿಯಾರ ನಿಲ್ಲಿಸಿ ಕೈ ಚಾಚುತ್ತಾನೆ. ಗೆಲ್ಲುವವನು ಕಾಯುತ್ತಾನೆ. 'ಇನ್ನೇನು ಮುಗೀತಲ್ಲ' ಅಂತ ಗೆಲ್ಲುವವನೇ ಕೈ ಮುಂದೆ ಮಾಡಿದರೆ ಅದು ದೊಡ್ಡ ಅವಮಾನ. ಅಂದರೆ ಮೊದಲ ಮಾತಿನ ಹಕ್ಕು ಯಾವತ್ತೂ ಸೋತವನದು. ಇದನ್ನು ಯಾರೂ ಪುಸ್ತಕದಲ್ಲಿ ಓದಿ ಕಲಿಯಬೇಕಿಲ್ಲ. ನಾಲ್ಕು ಟೂರ್ನಮೆಂಟ್ ಆಡಿದರೆ ತಾನಾಗಿ ಬರುತ್ತದೆ.

1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅಮೆರಿಕದ ಫಿಷರ್ ಮತ್ತು ಸೋವಿಯತ್ ದೇಶದ ಸ್ಪಾಸ್ಕಿ ವಿಶ್ವ ಪಟ್ಟಕ್ಕೆ ಆಡಿದರು. ಆರನೆಯ ಆಟದಲ್ಲಿ ಫಿಷರ್ ಗೆದ್ದರು. ಸಭಾಂಗಣ ಚಪ್ಪಾಳೆ ತಟ್ಟಿತು. ಸೋತ ಸ್ಪಾಸ್ಕಿಯೂ ಜೊತೆಗೆ ಚಪ್ಪಾಳೆ ತಟ್ಟಿದರು. ಅಮೆರಿಕ, ಸೋವಿಯತ್ ದೇಶಗಳು ಒಂದನ್ನೊಂದು ಗುರಾಯಿಸುತ್ತಿದ್ದ ಕಾಲ ಅದು. ಐವತ್ತು ವರ್ಷ ದಾಟಿದರೂ ಚೆಸ್ ಮಂದಿ ಆ ಚಪ್ಪಾಳೆಯ ಮಾತಾಡುತ್ತಾರೆ. ಸುಮ್ನೆ ತಿರುಗಿಸಿ ನೋಡಿ. ಗೆದ್ದ ಫಿಷರ್ ಎದ್ದು ನಿಂತು, 'ಪರವಾಗಿಲ್ಲ, ನೀವೂ ಚೆನ್ನಾಗೇ ಆಡಿದಿರಿ' ಅಂತ ಸ್ಪಾಸ್ಕಿಗೆ ಚಪ್ಪಾಳೆ ತಟ್ಟಿದ್ದರೆ? ಅದನ್ನು ಯಾರಾದರೂ ದೊಡ್ಡತನ ಅನ್ನುತ್ತಿದ್ದರಾ?

ಸೋಲು ಒಪ್ಪುವ ಕೈಯಲ್ಲದೆ, ಚೆಸ್‌ನಲ್ಲಿ ಆಟ ಮುಗಿದ ಮೇಲೂ ಒಂದಷ್ಟು ಕೆಲಸ ಇರುತ್ತದೆ. ಇದು ಸಣ್ಣ ವಿಷಯ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಮುಂಬೈಯಲ್ಲಿ ಭಾನುವಾರ ಯಾವುದಾದರೂ ಶಾಲೆಯ ಹಾಲ್‌ನಲ್ಲಿ ಮಕ್ಕಳ ಟೂರ್ನಮೆಂಟ್ ನಡೆಯುವಾಗ ಹೋಗಿ ನೋಡಿ. ಆಟ ಮುಗಿದ ಮಕ್ಕಳು ಕೈ ಕುಲುಕುತ್ತಾರೆ. ಕಾಯಿಗಳನ್ನು ಮತ್ತೆ ಜೋಡಿಸುತ್ತಾರೆ. ಯಾರು ಗೆದ್ದರು ಅಂತ ತೋರಿಸಲು ರಾಜನನ್ನು ಹಲಗೆಯ ನಡುವೆ ಇಡುವುದೂ ಉಂಟು. ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲ್ ಆಟವಾದರೆ ನಡೆ ಬರೆದುಕೊಂಡ ಹಾಳೆಗೆ ಇಬ್ಬರೂ ಸಹಿ ಹಾಕಬೇಕು. ಬೇಗ ಮುಗಿಯುವ ರ‍್ಯಾಪಿಡ್ ಆದರೆ ಫಲಿತಾಂಶದ ಚೀಟಿ ತುಂಬಿ ತೀರ್ಪುಗಾರರ ಮೇಜಿಗೆ ಒಯ್ಯಬೇಕು. ಸೋತ ಹುಡುಗನ ಕಣ್ಣಲ್ಲಿ ನೀರು ತುಂಬಿರುತ್ತದೆ, ಆದರೂ ಕಾಲಾಳುಗಳನ್ನು ಸಾಲಾಗಿ ನಿಲ್ಲಿಸುತ್ತಾ ಇರುತ್ತಾನೆ. ಗೆದ್ದವನು ಬಾಗಿಲಾಚೆ ನಿಂತ ಅಪ್ಪನ ಕಡೆ ಓಡಲು ಕಾಲು ಕುಣಿಸುತ್ತಿರುತ್ತಾನೆ, ಆದರೆ ಸಹಿ ಆಗದೆ ಎದ್ದು ಹೋಗುವಂತಿಲ್ಲ. ಎರಡು ನಿಮಿಷ ಇಬ್ಬರ ಕೈಗೂ ಕೆಲಸ. ಬಾಯಿಗೆ ಬಿಡುವು. ಅಷ್ಟರಲ್ಲಿ ಬಿಸಿ ಅರ್ಧ ಇಳಿದಿರುತ್ತದೆ.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಗುಕೇಶ್ ಅಳುತ್ತಲೇ ಕಾಯಿಗಳನ್ನು ಅವುಗಳ ಮನೆಗೆ ಜೋಡಿಸುತ್ತಾ ಕೂತ ವಿಡಿಯೋ ನೀವೂ ನೋಡಿರುತ್ತೀರಿ. ಹದಿನೆಂಟರ ಹುಡುಗ, ಜಗತ್ತೇ ಗೆದ್ದಿದ್ದಾನೆ, ಕೈ ಮಾತ್ರ ಅಭ್ಯಾಸದ ಕೆಲಸ ಮಾಡುತ್ತಿದೆ.

ಆನ್‌ಲೈನ್‌ನಲ್ಲಿ ಈ ಎರಡು ನಿಮಿಷ ಮಾಯ. ಚೆಕ್‌ಮೇಟ್ ಆಯಿತು, ಪರದೆಯ ಮೇಲೆ ದೊಡ್ಡದಾಗಿ ಯಾರು ಗೆದ್ದರು ಅಂತ ಬಂತು, ರೇಟಿಂಗ್, ಅಂದರೆ ಆಟಗಾರನ ಬಲ ತೋರಿಸುವ ಅಂಕ, ಎಷ್ಟು ಇಳಿಯಿತು ಅನ್ನೋದು ಕೆಂಪಗೆ ಕಾಣಿಸಿತು. ಅದೇ ಕ್ಷಣಕ್ಕೆ ಇಬ್ಬರ ಮುಂದೆಯೂ ಬರೆಯುವ ಪೆಟ್ಟಿಗೆ ತೆರೆದು ಕೂತಿರುತ್ತದೆ. ಮೈ ಬಿಸಿ ಅತಿ ಹೆಚ್ಚಿರುವ ಹೊತ್ತಿಗೆ ಬಾಯಿಗೆ ಕೆಲಸ, ಕೈಗೆ ಏನೂ ಇಲ್ಲ. ಖುಷಿಯಲ್ಲಿರುವವನ ಬೆರಳು ಬೇಗ ಓಡುತ್ತದೆ. ಹಾಗಾಗಿ ಮೊದಲ ಮಾತು ಗೆದ್ದವನ ಪಾಲಾಗುತ್ತದೆ. ಕ್ರಮವೇ ತಲೆಕೆಳಗು.

ಎದುರಿನವರ ಮುಖ ಕಾಣದ್ದಕ್ಕೆ ಹೀಗೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಮುಖ ಕಂಡರೂ ಸಿಟ್ಟು ಬರುತ್ತದೆ. 2025ರ ಜೂನ್ ಮೊದಲ ದಿನ ನಾರ್ವೆ ಚೆಸ್‌ನಲ್ಲಿ ಗೆಲ್ಲುವ ಆಟವನ್ನು ಗುಕೇಶ್‌ಗೆ ಸೋತ ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಮೇಜಿಗೆ ಗುದ್ದಿದ ಏಟಿಗೆ ಕಾಯಿಗಳೇ ಹಾರಿದವು. ಕ್ಯಾಮೆರಾ ಇತ್ತು, ಜನ ಇದ್ದರು, ಎದುರಿಗೇ ಗುಕೇಶ್ ಇದ್ದರು. ಆದರೂ ಕೈ ತಡೆಯಲಿಲ್ಲ. ವ್ಯತ್ಯಾಸ ಆಮೇಲಿನದು. ಕೆಲವೇ ಸೆಕೆಂಡಿನಲ್ಲಿ ಕಾರ್ಲ್‌ಸನ್ ಕ್ಷಮೆ ಕೇಳಿದರು, ಹೋಗುವಾಗ ಗುಕೇಶ್ ಬೆನ್ನು ತಟ್ಟಿದರು. ಮೇಜು ಗುದ್ದಿದ ಕೈಯೇ ಬೆನ್ನು ತಟ್ಟಲು ಆದದ್ದು ಇಬ್ಬರೂ ಇನ್ನೂ ಅಲ್ಲೇ ಇದ್ದುದರಿಂದ. ಆನ್‌ಲೈನ್‌ನಲ್ಲಿ ಬೈದವನು ಮುಂದಿನ ಆಟಕ್ಕೆ ಹೋಗಿಬಿಟ್ಟಿರುತ್ತಾನೆ. ಬೈಸಿಕೊಂಡವನ ಪರದೆಯಲ್ಲಿ ಮಾತು ಹಾಗೇ ಉಳಿದಿರುತ್ತದೆ.

ಇನ್ನೊಂದು ಕಾರಣ ಬರೀ ಲೆಕ್ಕದ್ದು. ಚೆಸ್.ಕಾಮ್ ಇರಲಿ, ಲೀಚೆಸ್ ಇರಲಿ, ಆನ್‌ಲೈನ್ ಚೆಸ್ ತಾಣಗಳು ನಮ್ಮ ರೇಟಿಂಗ್‌ಗೆ ಹತ್ತಿರ ಇರುವವರನ್ನೇ ಎದುರಿಗೆ ಕೂರಿಸುತ್ತವೆ. ನೀವು ಚೆನ್ನಾಗಿ ಆಡಿದರೆ ರೇಟಿಂಗ್ ಏರುತ್ತದೆ, ಎದುರಾಳಿಯೂ ಗಟ್ಟಿಯಾಗುತ್ತಾನೆ. ಹಾಗಾಗಿ ಎಷ್ಟೇ ಕಲಿತರೂ ಹೆಚ್ಚುಕಮ್ಮಿ ಅರ್ಧ ಆಟ ಸೋಲುತ್ತಲೇ ಇರುತ್ತೀರಿ. ವ್ಯವಸ್ಥೆ ಇರುವುದೇ ಹಾಗೆ. ಈಗ ಒಬ್ಬೊಬ್ಬರಿಗೆ ಮೂರು ನಿಮಿಷ ಸಿಗುವ ಬ್ಲಿಟ್ಜ್ ತಗೊಳ್ಳಿ. ಒಂದು ಆಟಕ್ಕೆ ಹೆಚ್ಚೆಂದರೆ ಆರು ನಿಮಿಷ. ಗಂಟೆಗೆ ಹತ್ತು ಆಟ, ಐದು ಸೋಲು. ಒಂದು ನಿಮಿಷದ ಬುಲೆಟ್ ಆದರೆ ಇದರ ಮೂರು ಪಟ್ಟು. ಕ್ಲಾಸಿಕಲ್ ಟೂರ್ನಮೆಂಟ್ ಆಡುವ ವೃತ್ತಿಪರ ಆಟಗಾರನೂ ವಾರದಲ್ಲಿ ಅಷ್ಟು ಸಲ ಸೋಲುವುದಿಲ್ಲ. ನಾವು ಊಟ ಮುಗಿಸಿ ಮಲಗುವ ಮುಂಚೆ ಅಷ್ಟು ಸೋಲು ನುಂಗಿರುತ್ತೇವೆ. ಐದನೆಯ ಸೋಲಿನ ಸಿಟ್ಟು ಬರೀ ಐದನೆಯವನದಲ್ಲ, ಹಿಂದಿನ ನಾಲ್ಕರದ್ದೂ ಸೇರಿ ಇವನ ತಲೆ ಮೇಲೆ ಬೀಳುತ್ತದೆ.

ಆಡುವವರೂ ಬದಲಾದರು. ಕೊರೊನಾ ಕಾಲದಲ್ಲಿ ಹಾಸ್ಯ ಕಲಾವಿದ ಸಮಯ್ ರೈನಾ ಯೂಟ್ಯೂಬ್‌ನಲ್ಲಿ ಚೆಸ್ ಆಡತೊಡಗಿದರು. ಚೆಸ್ ಸುದ್ದಿ ಕೊಡುವ ಚೆಸ್‌ಬೇಸ್ ಇಂಡಿಯಾದ ಸಾಗರ್ ಶಾ ಅಂಥವರು ಜೊತೆಗೂಡಿದರು. ಆನಂದ್ ಕೂಡ ಬಂದು ಹೋದರು. ಅದನ್ನು ನೋಡಿ ಮುಂಬೈ, ಪುಣೆಯ ಎಷ್ಟೋ ಕಾಲೇಜು ಹುಡುಗರು ಆಟಕ್ಕೆ ಇಳಿದರು. 2022ರ ಡಿಸೆಂಬರ್‌ಗೆ ಚೆಸ್.ಕಾಮ್‌ನಲ್ಲಿ 10 ಕೋಟಿ ಖಾತೆಗಳಾದವು. ಇವರಲ್ಲಿ ಬಹಳ ಮಂದಿ ಮರದ ಹಲಗೆಯ ಮುಂದೆ ಕೂತು ಅಪರಿಚಿತರ ಕೈ ಕುಲುಕಿದವರೇ ಅಲ್ಲ. ಅದು ಅವರ ತಪ್ಪಲ್ಲ. ಆಟದ ಜೊತೆ ಬರಬೇಕಿದ್ದ ಪದ್ಧತಿ ಅವರವರೆಗೆ ತಲುಪಲಿಲ್ಲ ಅಷ್ಟೆ. ತಮಾಷೆಗೆ ಕಿಚಾಯಿಸುವ ಮಾತನ್ನು ಅವರು ಸ್ಟ್ರೀಮ್‌ಗಳಲ್ಲಿ ಕೇಳಿದರು. ಅಲ್ಲಿ ಇಬ್ಬರೂ ಗೆಳೆಯರು, ಕಿಚಾಯಿಸಿದರೂ ನಡೆಯುತ್ತದೆ. ಬ್ರೆಜಿಲ್‌ನಲ್ಲಿ ಕೂತ ಯಾರಿಗೋ ಅದೇ ಮಾತು ಕಳಿಸಿದರೆ ಅವನಿಗೇನು ಗೊತ್ತು?

ನಮ್ಮ ಮುಂಬೈ ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆಗಾಲದಲ್ಲಿ ಇಲ್ಲಿನ ಸಂಘಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಊರಿಂದ ಬಂದ ಅರ್ಥಧಾರಿಗಳು ಕರ್ಣ, ಶಲ್ಯ ಆಗಿ ಎದುರು ಕೂತು ಗಂಟೆಗಟ್ಟಲೆ ಒಬ್ಬರನ್ನೊಬ್ಬರು ಹಳಿಯುತ್ತಾರೆ. ಕುಲ, ಜಾತಿ, ಹುಟ್ಟು ಯಾವುದನ್ನೂ ಬಿಡುವುದಿಲ್ಲ. ಸಭೆ ತಲೆದೂಗುತ್ತದೆ. ಆದರೆ ಮಂಗಳ ಹಾಡಿದರೆ ಮುಗಿಯಿತು. ಆಮೇಲೆ ಕರ್ಣನಾದವರು ಶಲ್ಯನಾದವರಿಗೆ ಒಂದು ಕೊಂಕು ಮಾತು ಹೇಳಿದರೂ ಅದು ನಿಜವಾದ ಜಗಳವೇ. ಆನ್‌ಲೈನ್ ಚೆಸ್‌ಗೆ ಮಂಗಳ ಇಲ್ಲ. ಎಲ್ಲಿ ಆಟ ನಿಂತಿತು, ಎಲ್ಲಿ ಮನುಷ್ಯ ಶುರುವಾದ ಅಂತ ಹೇಳುವ ಗೆರೆ ಇಲ್ಲ.

ಮೆಸೇಜ್‌ಗಳಲ್ಲೆಲ್ಲ ಭಾರದ್ದು 'ನೀನು ಮೋಸ ಮಾಡಿದೆ' ಅನ್ನೋದು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇದು ಬೈಗುಳದ ಹಾಗಲ್ಲ. ಬೈದವನಿಗೆ ತಾನು ಬೈಯುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಮೋಸದ ಆರೋಪ ಮಾಡುವವನು ತಾನು ನ್ಯಾಯ ಕೇಳುತ್ತಿದ್ದೇನೆ ಅಂದುಕೊಂಡಿರುತ್ತಾನೆ.

ಮೋಸ ಇಲ್ಲ ಅಂತ ಅಲ್ಲ. ಇವತ್ತು ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಎಂಜಿನ್ ವಿಶ್ವ ಚಾಂಪಿಯನ್‌ಗಿಂತ ಚೆನ್ನಾಗಿ ಆಡುತ್ತದೆ. 2021ರ ಜೂನ್‌ನಲ್ಲಿ ಕೊರೊನಾ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಹಲವು ಗಣ್ಯರ ಜೊತೆ ಆನ್‌ಲೈನ್‌ನಲ್ಲಿ ಆಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಎದುರು ಸೋತರು. ನೋಡಿದವರಿಗೆಲ್ಲ ಅನುಮಾನ. ಮರುದಿನ ಕಾಮತ್, ಆಟ ವಿಶ್ಲೇಷಿಸುವವರ ಮತ್ತು ಕಂಪ್ಯೂಟರ್‌ನ ನೆರವು ಪಡೆದಿದ್ದೆ ಅಂತ ಒಪ್ಪಿ ಕ್ಷಮೆ ಕೇಳಿದರು. ಇಲ್ಲಿ ನೋಡಬೇಕಾದ್ದು ಆನಂದ್ ಬರೆದ ಮಾತು. ಹಣ ಕೂಡಿಸುವ ಆಟ ಅದು, ನಾನು ಹಲಗೆ ಮೇಲಿದ್ದದ್ದನ್ನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಎರಡು ಮೂರು ಸಾಲು. ಹೆಸರು ಎತ್ತಲಿಲ್ಲ, ಮೋಸ ಎನ್ನುವ ಪದ ಬಳಸಲಿಲ್ಲ. ಆದರೂ ಹೇಳಬೇಕಾದ್ದೆಲ್ಲ ಹೇಳಿದ್ದರು. ಆಟ ಮುಗಿದ ಮೇಲಿನ ಮೆಸೇಜ್ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ನಮ್ಮ ನಿಮ್ಮ ಮಟ್ಟದಲ್ಲಿ ಅನುಮಾನ ಹುಟ್ಟುವುದು ಬೇರೆ ದಾರಿಯಲ್ಲಿ. ಸೋತ ಮೇಲೆ, ಎಂಜಿನ್ ನಮ್ಮ ಆಟವನ್ನು ತೂಗಿ ಹೇಳುವ ಗೇಮ್ ರಿವ್ಯೂ ಒತ್ತುತ್ತೇವೆ. ಎದುರಾಳಿಯ ಆ್ಯಕ್ಯುರಸಿ ನೂರಕ್ಕೆ 95 ಅಂತ ಬರುತ್ತದೆ, ಅಂದರೆ ಅವನ ನಡೆಗಳು ಎಂಜಿನ್‌ನ ನಡೆಗೆ ಅಷ್ಟು ಹತ್ತಿರ. 'ಸಿಕ್ಕಿಬಿದ್ದ!' ಅನಿಸುತ್ತದೆ. ಆದರೆ ಹದಿನೆಂಟು ನಡೆಯಲ್ಲಿ ಮುಗಿದ ಆಟ. ಮೊದಲ ಎಂಟು ನಡೆ ಎಲ್ಲರೂ ಬಾಯಿಪಾಠ ಮಾಡಿದ ಓಪನಿಂಗ್. ಆಮೇಲೆ ನಾವೇ ಆನೆ ಕಳಕೊಂಡೆವು. ಮುಂದಿನ ನಡೆಗಳೆಲ್ಲ ತಾವಾಗಿ ಕಣ್ಣಿಗೆ ಬೀಳುವಂಥವು. ಇಂಥ ಆಟದಲ್ಲಿ 95 ತಗೊಳ್ಳಲು ಎಂಜಿನ್ ಬೇಡ. ನಾವು ಕೆಟ್ಟದಾಗಿ ಆಡಿದಷ್ಟೂ ಎದುರಿನವರ ಅಂಕ ಏರುತ್ತದೆ. ಅನುಮಾನ ಪಡುವವರು ಈ ಒಂದು ಸಂಗತಿ ತಿಳಿದರೆ ಅರ್ಧ ಜಗಳ ಕಮ್ಮಿಯಾದೀತು.

ನಿಜವಾದ ಪತ್ತೆ ಕೆಲಸ ಒಂದು ಆಟದಿಂದ ಆಗುವುದೂ ಇಲ್ಲ. ಹಲವು ಆಟಗಳಲ್ಲಿ ನಡೆಗಳು ಎಂಜಿನ್‌ಗೆ ಎಷ್ಟು ಹೋಲುತ್ತವೆ, ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಹೊತ್ತು ತಗೊಂಡರಾ, ಹೀಗೆ ಏನೇನೋ ಸೇರಿಸಿ ತೂಗುತ್ತಾರೆ. ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತದೆ, ಅವನಿಗೆ ಸೋತು ಕಳಕೊಂಡ ರೇಟಿಂಗ್ ನಿಮಗೆ ವಾಪಸ್ ಬರುತ್ತದೆ. ಇದಕ್ಕೆಲ್ಲ ನೀವು ಒತ್ತಬೇಕಾದ್ದು ರಿಪೋರ್ಟ್ ಬಟನ್. ಅವನಿಗೆ ಮೆಸೇಜ್ ಬರೆದರೆ ಏನು ಸಿಗುತ್ತದೆ? ಮೋಸಗಾರನಾಗಿದ್ದರೆ ನಕ್ಕು ಸುಮ್ಮನಾಗುತ್ತಾನೆ. ಪ್ರಾಮಾಣಿಕನಾಗಿದ್ದರೆ, ಬಹುಶಃ ಅವತ್ತಿನ ಅವನ ಅತ್ಯುತ್ತಮ ಆಟ ಅದು, ಅದರ ಖುಷಿಯನ್ನು ನೀವು ಕಿತ್ತುಕೊಂಡಿರಿ.

ದೊಡ್ಡವರ ಲೋಕದಲ್ಲಿ ಇದು ಎಲ್ಲಿಗೆ ಮುಟ್ಟಿತು ಅಂತ ನೋಡಿದ್ದೇವೆ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಯುವ ಆಟಗಾರ ಹಾನ್ಸ್ ನೀಮನ್‌ಗೆ ಸೋತ ಕಾರ್ಲ್‌ಸನ್ ಟೂರ್ನಮೆಂಟ್ ಬಿಟ್ಟು ಹೊರಟರು. ಮುಂದೊಂದು ಆನ್‌ಲೈನ್ ಪಂದ್ಯದಲ್ಲಿ ಅದೇ ನೀಮನ್ ಎದುರು ಒಂದು ನಡೆ ಆಡಿ ಸೋಲೊಪ್ಪಿದರು. 'ನೀನು ಮೋಸ ಮಾಡಿದೆ' ಅಂತ ಬಾಯಿ ಬಿಡದೆ ಕಳಿಸಿದ ಮೆಸೇಜ್ ಅದು. ಚಿಕ್ಕ ವಯಸ್ಸಿನಲ್ಲಿ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದನ್ನು ನೀಮನ್ ಒಪ್ಪಿದರು, ಹಲಗೆಯ ಮುಂದೆ ಎಂದೂ ಮಾಡಿಲ್ಲ ಅಂದರು. ವಿಷಯ ಕೋರ್ಟಿಗೆ ಹೋಯಿತು, 2023ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಇದಕ್ಕಿಂತ ನೋವಿನದು ಡ್ಯಾನಿಯಲ್ ನರೊಡಿಟ್ಸ್ಕಿ ಪ್ರಕರಣ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್, ಆನ್‌ಲೈನ್‌ನಲ್ಲಿ ಲಕ್ಷಾಂತರ ಜನರಿಗೆ ಚೆಸ್ ಹೇಳಿಕೊಟ್ಟವರು. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಇವರ ಮೇಲೆ ಬಹಿರಂಗವಾಗಿ ಮತ್ತೆ ಮತ್ತೆ ಅನುಮಾನ ಎತ್ತಿದರು. ನರೊಡಿಟ್ಸ್ಕಿ ಅದನ್ನು ನಿರಾಕರಿಸುತ್ತಲೇ ಬಂದರು. ಯಾವುದೂ ಸಾಬೀತಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ, 29ನೆಯ ವಯಸ್ಸಿಗೆ, ಅವರು ತೀರಿಕೊಂಡರು. ಸಾವಿಗೆ ಇಂಥದ್ದೇ ಕಾರಣ ಅಂತ ಕಥೆ ಕಟ್ಟುವುದು ಬೇಡ. ಆದರೆ ಆರೋಪಗಳು ತನ್ನನ್ನು ಎಷ್ಟು ಹಣ್ಣು ಮಾಡಿದವು ಅಂತ ಅವರೇ ಹೇಳಿಕೊಂಡಿದ್ದರು. ಆಮೇಲೆ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕ್ರಾಮ್ನಿಕ್ ವಿರುದ್ಧ ತನ್ನ ನೀತಿ ಆಯೋಗಕ್ಕೆ ದೂರು ಕೊಟ್ಟಿತು.

ಮೋಸದ ಅನುಮಾನಕ್ಕೆ ತಮ್ಮನಂತೆ ಇರುವುದು 'ಸೋಲ್ತೀನಿ ಅಂತ ಓಡಿಹೋದೆ' ಅನ್ನೋ ಮಾತು. ಮುಂಬೈಯವರಿಗೆ ಇದರ ಕಥೆ ಚೆನ್ನಾಗಿ ಗೊತ್ತು. ಡೊಂಬಿವಲಿಯ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದರಲ್ಲಿ ಮೊಬೈಲ್, ಹೆಬ್ಬೆರಳಿನಲ್ಲೇ ಆಟ. ದಾದರ್ ಬಂತು. ಇಳಿಯುವವರ ನೂಕಿನಲ್ಲಿ ಮೊಬೈಲ್ ಜೇಬಿಗೆ ಹೋಗಲೇಬೇಕು. ನೆಲದಡಿ ಓಡುವ ಮೆಟ್ರೋ 3ರಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಇದೇ ಕಥೆ. ಎದುರಿನವನಿಗೆ ದಾದರ್ ಕಾಣೋದಿಲ್ಲ. ಅವನಿಗೆ ಕಾಣುವುದು ಓಡುತ್ತಿರುವ ಗಡಿಯಾರ ಮಾತ್ರ. ಸೋಲು ಕಂಡ ಮೇಲೆ ಬೇಕೆಂದೇ ನಡೆ ಆಡದೆ, ಐದಾರು ನಿಮಿಷ ಎದುರಿನವನನ್ನು ಕಾಯಿಸುವ ಪುಣ್ಯಾತ್ಮರೂ ಇದ್ದಾರೆ. ಇಂಥವರಿಗೆ ಆ್ಯಪ್‌ಗಳು ಎಚ್ಚರಿಕೆ ಕೊಟ್ಟು, ಕೇಳದಿದ್ದರೆ ಸ್ವಲ್ಪ ಹೊತ್ತು ಆಡದಂತೆ ತಡೆಯುತ್ತವೆ. ಗೆಲ್ಲುವವರಲ್ಲೂ ಇದಕ್ಕೆ ಜೋಡಿ ಇದೆ. ಒಂದು ರಾಣಿಯಲ್ಲಿ ಮುಗಿಸಬಹುದಾದ್ದಕ್ಕೆ ಉಳಿದ ಕಾಲಾಳುಗಳನ್ನೆಲ್ಲ ಕೊನೆಯ ಸಾಲಿಗೆ ಮುಟ್ಟಿಸಿ ರಾಣಿ ಮಾಡಿ ಮೆರೆಸುವುದು. ಎರಡೂ ಮಾತಿಲ್ಲದ ಬೈಗುಳ.

ನೆಟ್‌ವರ್ಕ್ ವಿಷಯದಲ್ಲಿ ದೊಡ್ಡ ಪಂದ್ಯಗಳೂ ಎಡವಿವೆ. 2020ರ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ಭಾರತದ ಎದುರು ಆಡುತ್ತಿದ್ದ ಅರ್ಮೇನಿಯಾದ ಆಟಗಾರನ ಸಂಪರ್ಕ ಕಡಿಯಿತು. ಸೋಲು ಅಂತ ತೀರ್ಪಾಯಿತು. ಮೇಲ್ಮನವಿ ತಿರಸ್ಕಾರವಾದ ಮೇಲೆ ಅರ್ಮೇನಿಯಾ ಟೂರ್ನಮೆಂಟನ್ನೇ ಬಿಟ್ಟಿತು. ಫೈನಲ್‌ನಲ್ಲಿ ರಷ್ಯಾ ವಿರುದ್ಧ ನಮ್ಮ ನಿಹಾಲ್ ಸರಿನ್, ದಿವ್ಯಾ ದೇಶ್‌ಮುಖ್ ಇಬ್ಬರ ಸಂಪರ್ಕವೂ ಹೋಯಿತು. ನಾವು ಮನವಿ ಮಾಡಿದೆವು. ಕೊನೆಗೆ ಫಿಡೆ ಅಧ್ಯಕ್ಷರು ಎರಡೂ ದೇಶಕ್ಕೆ ಚಿನ್ನ ಕೊಟ್ಟರು. ಇಂಟರ್ನೆಟ್ ತೊಂದರೆ ಆ ದಿನ ಬಹಳ ಕಡೆ ಇತ್ತು, ಕಾರಣ ಬೇರೆ ಅಂತ ಸಮರ್ಥನೆಯೂ ಇದೆ. ಆದರೂ ಅರ್ಮೇನಿಯಾದವರ ಜಾಗದಲ್ಲಿ ಕೂತು ಯೋಚಿಸಿದರೆ ನಮ್ಮ ಚಿನ್ನ ಸ್ವಲ್ಪ ಚುಚ್ಚುತ್ತದೆ, ಅಲ್ವಾ?

ಮಕ್ಕಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಚಿಕ್ಕ ಮಕ್ಕಳ ಖಾತೆಯಲ್ಲಿ ಚಾಟ್ ಬೇಡ. ಲೀಚೆಸ್‌ನಲ್ಲಿ ಕಿಡ್ ಮೋಡ್ ಇದೆ, ಅದನ್ನು ಹಾಕಿದರೆ ಮೆಸೇಜ್, ಚಾಟ್ ಎಲ್ಲ ಬಂದ್. ಚೆಸ್.ಕಾಮ್‌ನವರ ಚೆಸ್‌ಕಿಡ್ ಮಕ್ಕಳಿಗೆಂದೇ ಇದೆ. ಠಾಣೆಯಲ್ಲಿ ನಮ್ಮ ಪರಿಚಯದವರ ಹತ್ತು ವರ್ಷದ ಹುಡುಗ ಅಮ್ಮನ ಮೊಬೈಲ್‌ನಲ್ಲಿ ಆಡಿ ಗೆದ್ದ. 'ನಿನ್ನ ಬದಲು ನಿಮ್ಮಪ್ಪ ಆಡಿದನಾ?' ಅಂತ ಸೋತವನು ಇಂಗ್ಲಿಷಿನಲ್ಲಿ ಬರೆದ. ಹುಡುಗ 'ಥ್ಯಾಂಕ್ಯೂ' ಅಂತ ಕಳಿಸಿದ. 'ಅಂಥವಕ್ಕೆಲ್ಲ ಉತ್ತರ ಬರೀಬಾರ್ದು ಮಗಾ' ಅಂದರು ಅಮ್ಮ. 'ಯಾಕಮ್ಮಾ? ನಾನು ಅಪ್ಪನಷ್ಟು ಚೆನ್ನಾಗಿ ಆಡ್ತೀನಿ ಅಂತ ಹೇಳಿದ್ದಲ್ವಾ?' ಅಂದ ಅವನು. ಅವನ ಅಪ್ಪನಿಗೆ ಕುದುರೆ ಹೇಗೆ ಹೋಗುತ್ತದೆ ಅಂತಾನೂ ಗೊತ್ತಿಲ್ಲ. ಆ ಸಲ ತಮಾಷೆಯಲ್ಲಿ ಮುಗಿಯಿತು. ಅಮ್ಮ ರಾತ್ರಿಯೇ ಸೆಟ್ಟಿಂಗ್ಸ್ ಬದಲಿಸಿದರು.

ಹಾಗಾದರೆ ಗೆದ್ದವನು ಬಾಯಿ ಮುಚ್ಚಿ ಕೂರಬೇಕಾ? ಸ್ವಲ್ಪ ಹೊತ್ತು ಹೌದು. ಸೋತವನು ಏನಾದರೂ ಹೇಳಿದರೆ ಉತ್ತರ ಕೊಡಬಹುದು. 'ಜಿಜಿ' ಬಂದರೆ 'ಜಿಜಿ'. 'ನಾನು ಎಲ್ಲಿ ಕೆಟ್ಟೆ?' ಅಂತ ಕೇಳಿದರೆ ಹೇಳಿಕೊಡಬಹುದು. ಕೇಳದೆ 'ಹದಿನಾಲ್ಕನೆಯ ನಡೆಗೆ ಕುದುರೆ ಆಡಬೇಕಿತ್ತು' ಅಂತ ಪಾಠ ಶುರುಮಾಡುವವರು ನನಗಂತೂ ಬೈಯುವವರಿಗಿಂತ ಕಷ್ಟ. ಬೈದವನನ್ನು ಬ್ಲಾಕ್ ಮಾಡಬಹುದು. ಇವರದು ಉಪಕಾರ, ಏನು ಮಾಡೋದು? ಹಲಗೆಯ ಮುಂದೆ ಆಟ ಮುಗಿದ ಮೇಲೆ ಇಬ್ಬರೂ ಕೂತು ನಡೆಗಳನ್ನು ಮತ್ತೆ ಆಡಿ ನೋಡುವುದಿದೆ. ಪೋಸ್ಟ್‌ಮಾರ್ಟಮ್ ಅಂತಲೇ ಅದರ ಹೆಸರು. ಅದು ಪಾಠ ಅಲ್ಲ. 'ಇಲ್ಲಿ ನೀವು ಹೀಗೆ ಬಂದಿದ್ದರೆ ನಂಗೆ ಕಷ್ಟ ಇತ್ತು' ಅಂತ ಗೆದ್ದವನೂ ತನ್ನ ಹೆದರಿಕೆ ಹೇಳಿಕೊಳ್ಳುತ್ತಾನೆ. ಈಗ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಎಂಜಿನ್ ಕೇಳುತ್ತಾರೆ. ಎಂಜಿನ್‌ಗೆ ಹೆದರಿಕೆ ಗೊತ್ತಿಲ್ಲ.

ಸಮ ಬಲದ, ಗಂಟೆಗಟ್ಟಲೆ ನಡೆದ ಆಟದಲ್ಲಿ ಗೆದ್ದವನು ಮೊದಲು 'ಚೆನ್ನಾಗಿ ಆಡಿದ್ರಿ' ಅಂದರೆ ಯಾರಿಗೂ ಬೇಜಾರಿಲ್ಲ. ನಾನು ಹೇಳುತ್ತಿರುವುದು ಮೂರು ನಿಮಿಷದ ಆಟದ ಮಾತು. ಅಲ್ಲಿ ಟೈಮ್ ಮುಗಿದು ಸೋತವನ ಹಲಗೆಯಲ್ಲಿ ಎಷ್ಟೋ ಸಲ ಗೆಲ್ಲುವ ಸ್ಥಿತಿ ಇರುತ್ತದೆ. ಅವನಿಗೆ ಯಾವ ಮಾತೂ ರುಚಿಸುವುದಿಲ್ಲ. ಇಂಥ ಹೊತ್ತಿಗೆ ಮತ್ತೊಂದು ಆಟಕ್ಕೆ ರೀಮ್ಯಾಚ್ ಕೊಡುವುದೇ ಗೆದ್ದವನ ಒಳ್ಳೆಯ ಮಾತು. ಗೆದ್ದ ಕೂಡಲೇ ರೇಟಿಂಗ್ ಗಂಟುಕಟ್ಟಿ ಓಡಿಹೋಗಲು ಯಾರ ಅಡ್ಡಿಯೂ ಇಲ್ಲ. ಆದರೆ ನಿಲ್ಲುವವರನ್ನು ಜನ ನೆನಪಿಡುತ್ತಾರೆ.

ಲೀಚೆಸ್‌ನವರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ. 2010ರಲ್ಲಿ ಫ್ರಾನ್ಸಿನ ತಿಬೋ ದುಪ್ಲೆಸಿ ಶುರುಮಾಡಿದ ಇದು ದೇಣಿಗೆಯಿಂದ ನಡೆಯುತ್ತದೆ, ಜಾಹೀರಾತಿಲ್ಲ. ಚಾಟ್ ಪೆಟ್ಟಿಗೆಯ ಕೆಳಗೆ ಸಿದ್ಧ ಮಾತುಗಳ ಪುಟ್ಟ ಗುಂಡಿಗಳಿವೆ. ಶುರುವಿಗೆ ಹಲೋ, ಗುಡ್ ಲಕ್. ಮುಗಿದ ಮೇಲೆ ಗುಡ್ ಗೇಮ್, ವೆಲ್ ಪ್ಲೇಡ್, ಥ್ಯಾಂಕ್ಯೂ, ಬೈ. ಬೆರಳಿಗೆ ಸುಲಭವಾಗಿ ಸಿಗುವುದು ಒಳ್ಳೆ ಮಾತೇ. ಬೈಯಬೇಕಾದರೆ ಟೈಪ್ ಮಾಡಬೇಕು.

ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು ಅಂತ ನನಗನಿಸುತ್ತದೆ. ಆಟ ಮುಗಿದ ಮೇಲೆ ಹತ್ತು ಸೆಕೆಂಡು ಗೆದ್ದವನ ಪೆಟ್ಟಿಗೆ ಮುಚ್ಚಿರಲಿ. ಸೋತವನಿಗೆ ಸಿದ್ಧ ಗುಂಡಿಗಳು ಮಾತ್ರ ಇರಲಿ. ಅವನು ಏನಾದರೂ ಒತ್ತಿದರೆ ಇವನದ್ದೂ ತೆರೆಯಲಿ. ಹತ್ತು ಸೆಕೆಂಡು ಕಳೆದ ಮೇಲೆ ಇಬ್ಬರಿಗೂ ಪೂರ್ತಿ ಬಿಟ್ಟುಕೊಡಿ. ಕಾದು ಕೂತು ಬೈಯುವವನು ಆಮೇಲೂ ಬೈಯುತ್ತಾನೆ, ಅವನಿಗೆ ರಿಪೋರ್ಟ್ ಬಟನ್ ಇದೆ. ಆದರೆ ಹತ್ತು ಸೆಕೆಂಡಿನಲ್ಲಿ ಬಹಳ ಮಂದಿ ಮುಂದಿನ ಆಟಕ್ಕೆ ಹೋಗಿರುತ್ತಾರೆ. ಲೀಚೆಸ್‌ನ ಕೋಡ್ ಎಲ್ಲರೂ ನೋಡುವ ಹಾಗೆ ತೆರೆದಿದೆ, ಬದಲಾವಣೆ ಬರೆದು ಕಳಿಸಲು ಯಾರಿಗೂ ಅಡ್ಡಿಯಿಲ್ಲ. ಒಪ್ಪುವುದು, ಬಿಡುವುದು ಅವರಿಗೆ ಬಿಟ್ಟದ್ದು. ಪುಣೆಯ ಹಿಂಜವಡಿಯಲ್ಲಿ ದಿನವಿಡೀ ಕೋಡ್ ಬರೆದು, ಸಂಜೆ ಕಂಪನಿ ಬಸ್ಸಿನ ಟ್ರಾಫಿಕ್‌ನಲ್ಲಿ ಬ್ಲಿಟ್ಜ್ ಆಡುವ ಕನ್ನಡದ ಹುಡುಗ ಹುಡುಗಿಯರಿಗೇನೂ ಬರ ಇಲ್ಲ. ಯಾರಾದರೂ ಒಂದು ಶನಿವಾರ ಕೂತು ನೋಡಿ ಮಾರಾಯ್ರೆ.